ಹಸುರು ಬೆಳ್ಳುಳ್ಳಿ

ಗಾಜಿನ ಮುಚ್ಚಳದ ಒಳಮೈಗೆ ಹಬೆ ಕಟ್ಟಿತ್ತು. ಹನಿಗಳು ಒಂದನ್ನೊಂದು ಕೂಡಿಕೊಂಡು ಅಂಚಿಗೆ ಜಾರುತ್ತಿದ್ದವು, ಒಳಗೆ ಏನಾಗುತ್ತಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಆ ದಿನವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಮುಚ್ಚಳವೇ.

ಅದು ಸ್ಲೋ ಕುಕ್ಕರಿನದು, ಸಣ್ಣ ಕಾವಿನಲ್ಲಿ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆ; ನನ್ನ ಮದುವೆಗೆ ಅಣ್ಣ ಉಡುಗೊರೆಯಾಗಿ ಕೊಟ್ಟಿದ್ದ. ನನ್ನ ಅತ್ತೆ ಕಾರ್ಮಿನ್ ಬಾಯಿ, ನಾವು ಸೊಸೆಯಂದಿರು ಮಾಂಯ್ ಎಂದು ಕರೆಯುತ್ತಿದ್ದವರು, ಅದಕ್ಕೆ ‘ಸೋಮಾರಿ ಪಾತ್ರೆ’ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಇಟ್ಟ ಮಾಂಸ ಅದರಲ್ಲಿ ಬೇಯಲು ಮಧ್ಯಾಹ್ನ ದಾಟಬೇಕು. ನಡುವೆ ಮುಚ್ಚಳ ತೆಗೆದರೆ ಕಾವು ಹೋಗುತ್ತದೆ, ಹೋದ ಕಾವು ಬೇಗ ಮರಳುವುದಿಲ್ಲ. ಕುಳಿತಲ್ಲಿ ಕೂರದ ನನ್ನಂಥವಳಿಗೆ ಇಂಥ ಪಾತ್ರೆ ಕೊಟ್ಟದ್ದು ಅಣ್ಣನ ಕುಚೋದ್ಯವೇ ಇರಬೇಕು.

ಅಂದು ಕಾಯುವುದು ಇನ್ನೂ ಕಷ್ಟವಾಗಿತ್ತು. ಜೆಸಿಂತಕ್ಕ ಬರುವವರಿದ್ದರು.

ಅವರು ನನ್ನ ಗಂಡನ ಅಣ್ಣ ಸಿರಿಲ್ ಅವರ ಹೆಂಡತಿ. ನಾನು ಈ ಮನೆಗೆ ಕಾಲಿಡುವ ಮೊದಲೇ ಅವರಿಬ್ಬರೂ ಬೇರೆ ಮನೆ ಮಾಡಿದ್ದರು. ಹಬ್ಬಗಳಿಗೆ ಸಿರಿಲ್ ಒಬ್ಬರೇ ಬಂದು ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ ನನ್ನ ಗಂಡ, “ಅಡುಗೆ ವಿಷಯದಲ್ಲಿ ಏನೋ ಆಯ್ತು, ಬಿಡು” ಎಂದು ಜಾರಿಕೊಳ್ಳುತ್ತಿದ್ದ. ಮೀನು ಮಾರುಕಟ್ಟೆಯಲ್ಲಿ ಜೆಸಿಂತಕ್ಕ ಕಣ್ಣಿಗೆ ಬಿದ್ದಾಗ ನಾನೇ ಪರಿಚಯ ಹೇಳಿಕೊಂಡು ಊಟಕ್ಕೆ ಕರೆದೆ. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

“ನೀನು ಕರೆದದ್ದಕ್ಕೆ ಬರ್ತೇನೆ. ಆದ್ರೆ ಆ ಮನೆಯಲ್ಲಿ ಒಂದು ತುತ್ತು ಸಹ ತಿನ್ನೂದಿಲ್ಲ, ಈಗಲೇ ಹೇಳ್ತೇನೆ.”

ಹೇಗಾದರೂ ಅವರಿಗೆ ಉಣಿಸಿಯೇ ಕಳಿಸಬೇಕೆಂಬ ಹಟ ನನ್ನನ್ನು ಹಿಡಿದದ್ದು ಆಗ. ವಿಷಯ ತಿಳಿಸಿದಾಗ ಮಾಂಯ್, “ದನದ ಮಾಂಸಕ್ಕೆ ಅಣಬೆ ಹಾಕಿ ಮಾಡು. ಕೊನೆಗೆ ಕೆನೆ ಹಾಕು” ಎಂದರು. ನಾನು ಬಂದಂದಿನಿಂದ ಆ ಮನೆಯ ಒಲೆಗೆ ಅಣಬೆ ಏರಿದ್ದೇ ಇರಲಿಲ್ಲ. ಆದರೂ ಒಪ್ಪಿದರಲ್ಲ ಎಂಬ ಖುಷಿಯಲ್ಲಿ ನಾನು ಏನನ್ನೂ ಕೇಳಲಿಲ್ಲ.

ಬೆಳಿಗ್ಗೆ ಮಾಂಸಕ್ಕೆ ಮೆಣಸು, ಅರೆದ ಬೆಳ್ಳುಳ್ಳಿ ಸವರಿ, ಧಾರಾಳವಾಗಿ ನಿಂಬೆರಸ ಹಿಂಡಿ, ಅಂಗಡಿಯಿಂದ ತಂದ ಬಿಳಿ ಅಣಬೆಯೊಂದಿಗೆ ಕುಕ್ಕರಿಗೆ ಸುರಿದೆ. ಆಮೇಲೆ ಕೈಗೆ ಕೆಲಸವಿರಲಿಲ್ಲ. ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸಿದೆ. ಮೇಜಿನ ಬಟ್ಟೆ ಬದಲಿಸಿ, ಮೊದಲಿನದೇ ವಾಸಿ ಎನಿಸಿ ಅದನ್ನೇ ಹಾಸಿದೆ. ಮಾಂಯ್ ಕೂಡ ಒಂದಲ್ಲ ಒಂದು ನೆಪದಲ್ಲಿ ಅಡುಗೆಮನೆಗೆ ಹೋಗಿಬರುತ್ತಿದ್ದರು. ಒಮ್ಮೆ ಮುಚ್ಚಳದ ಸದ್ದು ಕೇಳಿಸಿತು.

“ಮಾಂಯ್, ಮುಚ್ಚಳ ತೆಗೀಬೇಡಿ ಅಂತ ಹೇಳಿದ್ದೆ.”

“ತೆಗೀಲಿಲ್ಲ. ಹಬೆ ಕಟ್ಟಿತ್ತು, ಒರೆಸಿದೆ ಅಷ್ಟೆ.”

ಒಳಗಿನ ಹಬೆಯನ್ನು ಹೊರಗಿನಿಂದ ಒರೆಸುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ಕೊನೆಗೆ ನನಗೂ ತಾಳಲಾಗಲಿಲ್ಲ. ಹೊತ್ತಾಗದಿದ್ದರೂ ಕೆನೆ ಹಾಕುವ ನೆಪ ಮಾಡಿಕೊಂಡು ಮುಚ್ಚಳ ತೆಗೆದೆ. ಮೇಲೆ ಇಡೀ ಬೆಳ್ಳುಳ್ಳಿಯ ಎಸಳೊಂದು ತೇಲುತ್ತಿತ್ತು. ನಾನು ಹಾಕಿದ್ದಲ್ಲ. ಅದು ಪೂರ್ತಿ ಹಸುರಾಗಿತ್ತು.

ಹಿಂದೆಯೇ ಬಂದ ಮಾಂಯ್ ಅದನ್ನು ಕಂಡು ಮಣೆಯ ಮೇಲೆ ಕುಸಿದರು. “ನಾನೇ ಹಾಕಿದ್ದು. ಅಣಬೆ ಬೇಯುವಾಗ ಒಂದು ಎಸಳು ಹಾಕಿ ನೋಡ್ಬೇಕು. ಬಣ್ಣ ತಿರುಗಿದ್ರೆ ವಿಷ. ಚೆಲ್ಲಿಬಿಡು.”

“ಎಂಥ ವಿಷ ಮಾಂಯ್? ಇದೇ ಪೊಟ್ಟಣದ ಅಣಬೆಯನ್ನು ನಿನ್ನೆ ಆಮ್ಲೆಟ್ಟಿಗೆ ಹಾಕಿದ್ದೆ. ಈರುಳ್ಳಿ ಅಂತ ತಿಳ್ಕೊಂಡು ನೀವೇ ಎರಡನೇ ಸಲ ಹಾಕಿಸಿಕೊಂಡ್ರಿ.”

“ಹಾಗಾದ್ರೆ ಇದು ಹಸುರು ಯಾಕಾಯ್ತು?”

ಉತ್ತರ ನಮ್ಮ ತಲೆಯ ಮೇಲಿನ ಕಪಾಟಿನಲ್ಲೇ ಇತ್ತು. ಅವರು ಹಾಕಿದ ನಿಂಬೆ ಉಪ್ಪಿನಕಾಯಿಯ ಭರಣಿಯಲ್ಲಿ ಬೆಳ್ಳುಳ್ಳಿ ಹಸುರಾಗುವುದು ಮಾಮೂಲು. ನೆರೆಯವರು ಅನುಮಾನಪಟ್ಟರೆ “ಹುಳಿಗೆ ಹಾಗಾಗ್ತದೆ, ತಿನ್ನಿ” ಎಂದು ಅವರೇ ಹೇಳುತ್ತಿದ್ದರು. ನಾನು ಭರಣಿಯತ್ತ ಕೈ ತೋರಿಸಿದೆ. ಮಾಂಯ್ ಅದನ್ನೇ ನೋಡುತ್ತ ಕುಳಿತರು.

“ಆ ದಿನ ಜೆಸಿಂತಾ ಶಿರ್ಕಾ ಹಾಕಿದ್ದಳು,” ಎಂದರು ಆಮೇಲೆ. “ತಾಯಿಮನೆಯಲ್ಲಿ ಕಳ್ಳು ಹುಳಿಸಿ ಮಾಡಿದ ಶಿರ್ಕಾ. ತುಂಬ ಹುಳಿ.”

ಉಳಿದದ್ದು ತಡೆತಡೆದು ಬಂತು. ಜೆಸಿಂತಕ್ಕ ಹೊಸ ಸೊಸೆಯಾಗಿ ಮೊದಲ ಹಬ್ಬಕ್ಕೆ ಮಾಡಿದ್ದು ಇದೇ ಅಡುಗೆ. ಮಾಂಯ್ ಎಸಳು ಹಾಕಿ ನೋಡಿದ್ದರು. ಬಣ್ಣ ತಿರುಗಿತ್ತು. ನೆಂಟರೆಲ್ಲ ನೋಡುತ್ತಿದ್ದಂತೆ ಪಾತ್ರೆಯನ್ನು ಅಂಗಳಕ್ಕೆ ಕೊಂಡುಹೋಗಿ ಮಗುಚಿ, ಈ ಹುಡುಗಿ ನಮ್ಮನ್ನೆಲ್ಲ ಕೊಲ್ಲಲಿಕ್ಕೆ ನೋಡಿದಳು ಎಂದಿದ್ದರು. ಅಂದು ಚೆಲ್ಲಿದ್ದನ್ನೇ ಇಂದು ಬಡಿಸಿ ರಾಜಿಯಾಗಬೇಕೆಂದು ನನ್ನಿಂದ ಮಾಡಿಸಿದ್ದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲೇ ಅವರ ಮುಖ ನೋಡಿ ಅಯ್ಯೋ ಅನಿಸಿತು. “ಅವರು ಬರುವ ಹೊತ್ತಾಯ್ತು, ಎಸಳು ತೆಗೆದು ಬಿಸಾಡ್ತೇನೆ” ಎಂದೆ.

“ಬೇಡ. ಅದು ಅಲ್ಲೇ ಇರಲಿ,” ಎಂದರು ಮಾಂಯ್.

ಜೆಸಿಂತಕ್ಕ ಬಂದವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತರು. ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಒಳಗಿನಿಂದ ಮಾಂಯ್ ಕರೆದರು. “ಜೆಸಿಂತಾ, ಒಮ್ಮೆ ಇಲ್ಲಿ ಬಾ ಮಗಾ.”

ಅವರು ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಮಾಂಯ್ ಮುಚ್ಚಳ ತೆಗೆದು, ಆ ಎಸಳನ್ನು ಚಮಚದಲ್ಲಿ ಎತ್ತಿ ತೋರಿಸಿದರು. ಜೆಸಿಂತಕ್ಕನ ಮುಖ ಬಿಗಿಯಿತು.

“ಇವತ್ತು ವಿಷ ಹಾಕಿದ್ದು ಯಾರು?”

“ಯಾರೂ ಇಲ್ಲ. ಆ ದಿನವೂ ಯಾರೂ ಹಾಕಿರ್ಲಿಲ್ಲ.” ಮಾಂಯ್ ಎಸಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದರು. “ಅದು ನಿನ್ನ ಶಿರ್ಕಾದ ಹುಳಿ. ತಪ್ಪಿದ್ದು ನಾನು, ಮಗಾ.”

ಜೆಸಿಂತಕ್ಕ ಹಾಗೆಯೇ ತಿರುಗಿ ಹೊರಟುಬಿಟ್ಟರೆ ಎಂದು ನನಗೆ ಭಯವಾಯಿತು. ಕೊನೆಗೆ ಅವರು ಒಳಗೆ ಬಂದು, ಚೀಲವನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟರು. ಮಾಂಯ್ ಕೈಯಿಂದ ಚಮಚ ತೆಗೆದುಕೊಂಡು, ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

“ಮಾಂಸ ಬೆಂದೇ ಇಲ್ಲ. ಎಷ್ಟು ಸಲ ಮುಚ್ಚಳ ತೆಗೆದದ್ದು ನೀವು?”

ಮಾಂಯ್ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಜೆಸಿಂತಕ್ಕ ಮುಚ್ಚಳವನ್ನು ಸರಿಯಾಗಿ ಕೂರಿಸಿ, ಅದರೆದುರೇ ಮಣೆ ಎಳೆದುಕೊಂಡು ಕುಳಿತರು. “ಇನ್ನು ಯಾರೂ ಮುಟ್ಟಬೇಡಿ. ಬೇಯುವವರೆಗೆ ನಾನು ಇಲ್ಲೇ ಇರ್ತೇನೆ.”

ನಾನೂ ಗೋಡೆಗೆ ಒರಗಿ ಕುಳಿತೆ. ಗಾಜಿನ ಮೇಲೆ ಮತ್ತೆ ಹಬೆ ಕಟ್ಟತೊಡಗಿತು.