ಸಭೆಗೆ ಬಾರದ ಕಾಗದ

ಹೊಸೂರಿನ ಪಕ್ಕದ ಹೊನ್ನೇಪುರ ಪಂಚಾಯಿತಿಯ ಪ್ರೆಸಿಡೆಂಟ್ ರಾಮಕೃಷ್ಣಪ್ಪನಿಗೆ ಆ ಕಾಗದ ಬಂದದ್ದು ಅವನ ಐದು ವರ್ಷದ ಅವಧಿ ಮುಗಿಯಲು ಕೆಲವೇ ತಿಂಗಳಿದ್ದಾಗ. ಕನ್ನಡ ಶಾಲೆಯಲ್ಲಿ ಓದಿದವನು. ತಮಿಳನ್ನು ನೀರು ಕುಡಿದಂತೆ ಮಾತಾಡಿದರೂ ಸರ್ಕಾರಿ ತಮಿಳು ಓದುವಾಗ ತಡವರಿಸುತ್ತಿದ್ದ. ಅದಕ್ಕೇ ಸೊಸೆ ಸರಳಾಳನ್ನು ಕರೆದು ಓದಿಸಿದ.

"ನಮ್ಮೂರ್ನ ಹೊಸೂರು ಕಾರ್ಪೊರೇಷನ್‌ಗೆ ಸೇರಿಸ್ಬೇಕು ಅಂತ ಯೋಚ್ನೆ ಐತಂತೆ ಮಾವ. ಗ್ರಾಮಸಭೇಲಿ ಇಟ್ಟು, ಜನ ಏನಂತಾರೋ ಕೇಳಿ ಬರೀಬೇಕಂತೆ. ಆರು ವಾರ ಟೈಮ್ ಕೊಟ್ಟವ್ರೆ."

ಮಾರನೆಯ ದಿನ ಹೊಸೂರಿನಿಂದ ಪಕ್ಷದ ಮುಖಂಡನೊಬ್ಬ ಫೋನ್ ಮಾಡಿದ. ಊರು ನಗರಕ್ಕೆ ಸೇರಿದರೆ ಡಾಂಬರು ರಸ್ತೆ, ಪೈಪಿನಲ್ಲಿ ನೀರು, ಬೀದಿಗೆಲ್ಲ ದೀಪ. ವಾರ್ಡಿನ ಕೌನ್ಸಿಲರ್ ಬೇರೆ ಯಾರಾಗುತ್ತಾರೆ, ನೀವೇ ಅಲ್ಲವೇ? ಆದರೆ ಜನರನ್ನು ಸೇರಿಸಿ ಗಲಾಟೆ ಎಬ್ಬಿಸಬೇಡಿ ಎಂದ. ರಸ್ತೆ ಬೇಕೆಂದು ರಾಮಕೃಷ್ಣಪ್ಪನಿಗೆ ನಿಜಕ್ಕೂ ಆಸೆಯಿತ್ತು. ಕೌನ್ಸಿಲರ್ ಎಂಬ ಮಾತೂ ಕಿವಿಗೆ ಹಿತವಾಗಿತ್ತು. ಕಾಗದವನ್ನು ಮಡಚಿ ಬೀರುವಿನಲ್ಲಿ ಬಟ್ಟೆಯ ಕೆಳಗಿಟ್ಟ.

ಅಕ್ಟೋಬರ್ ಎರಡರ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಬಂದವರಲ್ಲಿ ಹೆಂಗಸರೇ ಹೆಚ್ಚು. ಎಂದಿನಂತೆ ಮುಂದಿನ ಸಾಲಿನಲ್ಲಿ ಭದ್ರಮ್ಮ ಕೂತಿದ್ದಳು. ಉದ್ಯೋಗ ಖಾತ್ರಿಯ ನೂರು ದಿನದ ಕೆಲಸಕ್ಕೆ ಹೋಗುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಓದು ಬಾರದು, ಆದರೆ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಕೆರೆಗೆ ನೀರು ಬರುವ ಕಾಲುವೆಯ ಒತ್ತುವರಿ ತೆರವಾದದ್ದು, ಅವಳು ಮೂರು ಸಭೆಗಳಲ್ಲಿ ಎದ್ದು ನಿಂತು ಅದನ್ನೇ ಕೇಳಿದ್ದರಿಂದ.

ಅಂದೂ ಎದ್ದಳು. "ಪ್ರೆಸಿಡೆಂಟ್ರೇ, ನಮ್ಮೂರ್ನ ಟೌನ್‌ಗೆ ಸೇರಿಸ್ಬುಡ್ತಾರೆ ಅಂತ ಜೂಜುವಾಡಿ ಕಡೆಯೋರು ಮಾತಾಡ್ಕೊಂತಾವ್ರೆ. ದಿಟಾನಾ?"

"ಅದೆಲ್ಲಾ ಚೆನ್ನೈನಾಗೆ ತೀರ್ಮಾನ ಆಗೋದು ಭದ್ರಕ್ಕ. ನಮ್ಮ ಕೈಲೇನೈತೆ?"

"ನಮ್ಮನ್ನ ಒಂದು ಮಾತು ಕೇಳಲ್ವಾ?"

"ಕೇಳಲ್ಲ ಕಣಕ್ಕ."

ಭದ್ರಮ್ಮ ನಂಬಿದಳು. ಸೆರಗು ಸರಿಮಾಡಿಕೊಂಡು ಕೂತಳು. ಹಿಂದಿನ ಸಾಲಿನಲ್ಲಿದ್ದ ಸರಳಾ ಮಾವನ ಮುಖವನ್ನೇ ನೋಡಿದಳು. ಅವನು ಬೀದಿದೀಪದ ವಿಷಯ ಎತ್ತಿಕೊಂಡ. ಮುಂದಿನ ವಾರ, ಸೇರಲು ಒಪ್ಪಿಗೆಯಿದೆ ಎಂದು ಬರೆದ ಪಂಚಾಯಿತಿಯ ತೀರ್ಮಾನದ ಪುಸ್ತಕಕ್ಕೆ ಅವನೂ ಮೆಂಬರುಗಳೂ ಸಹಿ ಹಾಕಿದರು.

ಊರು ನಗರವಾಯಿತು. ಮೊದಲು ನಿಂತದ್ದು ನೂರು ದಿನದ ಕೆಲಸ. ಅದು ಹಳ್ಳಿಗಳಿಗೆಂದು ದೆಹಲಿಯವರು ಮಾಡಿದ ಯೋಜನೆ, ನೀವೀಗ ಹಳ್ಳಿಯವರಲ್ಲ ಎಂದರು ಆಫೀಸಿನವರು. ಕೆರೆಯ ಕೆಲಸಕ್ಕೆ ಹೋಗುತ್ತಿದ್ದವರು ಬೆಳಗಾಗುತ್ತಲೇ ವ್ಯಾನು ಹತ್ತಿ, ಗುಲಾಬಿ ಬೆಳೆಯುವ ಪಾಲಿಹೌಸುಗಳಿಗೆ ಹೂ ಕೊಯ್ಯಲು ಹೊರಟರು. ಅರವತ್ತು ದಾಟಿದ ಭದ್ರಮ್ಮನೂ ಹೊರಟಳು. ಹೊನ್ನೇಪುರವನ್ನು ಇನ್ನೆರಡು ಬಡಾವಣೆಗಳ ಜೊತೆ ಸೇರಿಸಿ ಒಂದು ವಾರ್ಡು ಮಾಡುತ್ತಾರೆಂದೂ, ಅದಕ್ಕೆ ನಿಲ್ಲಲು ಪಕ್ಷ ಆಗಲೇ ಬೇರೊಬ್ಬನನ್ನು ಗೊತ್ತುಮಾಡಿದೆಯೆಂದೂ ಸುದ್ದಿ ಬಂತು. ರಾಮಕೃಷ್ಣಪ್ಪ ಎಷ್ಟು ಸಲ ಮಾಡಿದರೂ ಆ ಮುಖಂಡ ಫೋನ್ ಎತ್ತಲಿಲ್ಲ.

ಬೇಸಿಗೆಯಲ್ಲಿ ಊರಿನ ಬೋರಿನ ಮೋಟರ್ ಸುಟ್ಟಿತು. ಹಿಂದಾಗಿದ್ದರೆ ರಾಮಕೃಷ್ಣಪ್ಪ ತಾನೇ ನಿಂತು ಸಂಜೆಯೊಳಗೆ ರಿಪೇರಿ ಮಾಡಿಸುತ್ತಿದ್ದ. ಈಗ ಮನವಿ ಹಿಡಿದು ಟೌನಿನ ಆಫೀಸಿನಲ್ಲಿ ಟೋಕನ್ ತೆಗೆದುಕೊಂಡು ಕೂತ. ಕಿಟಕಿಯ ಆಚೆಯ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು, ಯಾವ ಏರಿಯಾ ಸಾರ್, ಹೊನ್ನೇಪುರ ಅಂದರೆ ಎಲ್ಲಿ ಬರುತ್ತದೆ ಎಂದು. ಅವನು ಮನವಿಯನ್ನು ಅವಳ ಕಡೆಗೆ ತಿರುಗಿಸಿ, ಊರಿನ ಹೆಸರಿನ ಮೇಲೆ ಬೆರಳಿಟ್ಟ.

ನೀರು ಬರಲು ಒಂಬತ್ತು ದಿನವಾಯಿತು. ಆ ದಿನಗಳಲ್ಲಿ ಭದ್ರಮ್ಮ ಕೆಲಸ ಮುಗಿಸಿ ಬಂದ ಮೇಲೆ ಬಿಂದಿಗೆ ಹೊತ್ತು ತೋಟದ ಬಾವಿಗೆ ಹೋಗುವುದನ್ನು ಅವನು ಜಗಲಿಯಿಂದ ನೋಡುತ್ತಿದ್ದ. ಒಂದು ಸಂಜೆ ಸರಳಾ ಕಾಫಿ ಲೋಟ ಇಟ್ಟು, "ನೀವೇ ಹೇಳ್ತೀರಾ ಮಾವ, ಇಲ್ಲಾ ನಾನೇ ಹೇಳ್ಲಾ?" ಎಂದಳು.

ರಾಮಕೃಷ್ಣಪ್ಪ ಎದ್ದು ಭದ್ರಮ್ಮನ ಮನೆಗೆ ಹೋದ. ಅವಳು ಬಾಗಿಲಲ್ಲಿ ಕೂತು ಬೆರಳಿಗೆ ಚುಚ್ಚಿದ ಗುಲಾಬಿ ಮುಳ್ಳು ತೆಗೆಯುತ್ತಿದ್ದಳು.

"ಅವತ್ತು ಸಭೇಲಿ ಸುಳ್ಳು ಹೇಳ್ಬುಟ್ಟೆ ಅಕ್ಕ. ಊರ್ನ ಕೇಳಿ ಅಂತ ಕಾಗ್ದ ಬಂದಿತ್ತು. ನಾನೇ ಮುಚ್ಚಿಟ್ಟೆ."

ಭದ್ರಮ್ಮ ಮುಳ್ಳನ್ನು ಕಿತ್ತು ಅಂಗಳಕ್ಕೆ ಎಸೆದಳು.

"ಬ್ಯಾಡ ಅಂದಿದ್ರೂ ಅವ್ರು ಸೇರಿಸ್ಕೊಂತಿದ್ರೋ ಏನೋ," ಎಂದು ಅವನೇ ಸೇರಿಸಿದ.

"ಸೇರಿಸ್ಕೊಳ್ಲಿ. ಅದು ಅವ್ರ ಮಾತು. ನಮ್ಮ ಮಾತು ಎಲ್ಲೋಯ್ತು ರಾಮಕೃಷ್ಣಪ್ಪ? ನಂಗೆ ಓದು ಬರಲ್ಲ, ಜಮೀನಿಲ್ಲ. ವರ್ಷದಾಗೆ ನಾಕು ದಿನ ಎದ್ದು ನಿಂತು ಕೇಳ್ತಿದ್ದೆ, ನೀನು ಜವಾಬು ಕೊಡ್ತಿದ್ದೆ. ಈಗ ಆ ಸಭೇನೇ ಇಲ್ಲ. ಅದ್ನೂ ಕಿತ್ಕೊಂಡ್ಬುಟ್ಟೆ."

"ತಪ್ಪಾಯ್ತಕ್ಕ."

"ನಂಗೊಬ್ಳಿಗೆ ಹೇಳ್ಬ್ಯಾಡ. ಎಲ್ರಿಗೂ ಹೇಳು."

ಭಾನುವಾರ ಮಾರಮ್ಮನ ಗುಡಿಯ ಮುಂದೆ ಜನರನ್ನು ಕರೆದ. ಬಂದವರು ಹದಿನಾಲ್ಕು ಮಂದಿ. ನಿಂತುಕೊಂಡು, ಏನನ್ನೂ ಬಿಡದೆ, ಕೌನ್ಸಿಲರ್ ಆಗುವ ಆಸೆಯನ್ನೂ ಸೇರಿಸಿ ಹೇಳಿದ. ಬೈಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಯಾರೂ ಬೈಯಲಿಲ್ಲ. ಒಬ್ಬರು, "ಈಗ ಹೇಳಿ ಏನ್ ಬಂತು ಬಿಡಿ," ಎಂದು ಎದ್ದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಭದ್ರಮ್ಮ ಕೊನೆಯವರೆಗೂ ಕೂತಿದ್ದಳು. ಆದರೆ ಕೇಳಲು ಅವಳಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ.