ವ್ರತ ಮುಗಿದ ದಿನ ತಂದ ಬಾಟಲಿ

ಅಳಿಯ ಕುಡಿಯುತ್ತಿದ್ದಾಗ ಬಿದ್ದಿರುತ್ತಿದ್ದ. ಕುಡಿಯುವುದು ಬಿಟ್ಟ ಮೇಲೆ ಕೂತಿರುತ್ತಾನೆ. ಅತ್ತೆ ಬುವಾಲಾಗೆ ಇದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಅಂಟಕ್ಕಿ ಬೇಯುವ ಹೊತ್ತು. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಒಂದು ಮೂಲೆಯಲ್ಲಿ ಅವಳ ಮಗ್ಗ, ಅದರ ಪಕ್ಕ ಬಿದಿರಿನ ಮಂಚ. ಮಂಚದ ಮೇಲೆ ಅಳಿಯ ತವೀ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿ ಕೂತಿದ್ದ. ನೀರಿನ ಹಂಡೆ ಖಾಲಿ. ಎಮ್ಮೆ ಇನ್ನೂ ಗೂಟದಲ್ಲೇ ಇತ್ತು.

"ಏನಪ್ಪಾ, ರಾತ್ರಿ ನಿದ್ದೆ ಸಾಕಾಗ್ಲಿಲ್ವಾ? ಎಮ್ಮೆನೂ ಕಣ್ಣು ಮುಚ್ಚಿಸಿ ಕೂರಿಸ್ಲಾ ನಿನ್ನ ಪಕ್ಕ?"

"ಒಂದು ಗಳಿಗೆ ಅವ್ವಾ, ಎದ್ದೆ."

ಅಷ್ಟರಲ್ಲಿ ಆರೋಗ್ಯ ಸ್ವಯಂಸೇವಕಿ ಚಂತಾ ರಕ್ತದೊತ್ತಡ ನೋಡುವ ಯಂತ್ರ ಹಿಡಿದು ಬಂದಳು. ಬುವಾಲಾ ತೋಳು ಮುಂದೆ ಚಾಚಿದಳು.

"ಎಷ್ಟು ಏರಿದೆ ಅಂತ ನಿನ್ನ ಯಂತ್ರ ಹೇಳುತ್ತೆ. ಯಾರಿಂದ ಏರಿತು ಅಂತ ಹೇಳುತ್ತಾ?"

"ಅದನ್ನ ನೀನೇ ಓಣಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದೀಯಲ್ಲ ದೊಡ್ಡವ್ವ," ಚಂತಾ ನಕ್ಕಳು. "ಬೈಬೇಡ. ಅವನು ಸುಮ್ಮನೆ ಕೂತಿಲ್ಲ."

"ಮತ್ತೇನು, ಬತ್ತ ಕುಟ್ತಿದ್ದಾನಾ?"

"ಮನಸ್ಸಿನೊಳಗೆ ಏನಿದೆ ಅಂತ ನೋಡ್ಕೋತಿದ್ದಾನೆ. ಸಿಟ್ಟಿದೆಯಾ, ಬೇಸರ ಇದೆಯಾ, ಕುಡೀಬೇಕು ಅನ್ನೋ ಆಸೆ ಇದೆಯಾ ಅಂತ. ರಸ್ತೇಲಿ ಲಾರಿ ಹೋದ್ರೆ ಧೂಳು ಏಳಲ್ವಾ? ಹಿಂದೆ ಓಡಿದ್ರೆ ಬಾಯಿ ತುಂಬ ಮಣ್ಣು. ನಿಂತುಕೊಂಡ್ರೆ ತಾನಾಗಿ ಕೂರುತ್ತೆ. ಆ ನಿಲ್ಲೋದನ್ನ ದಿನಾ ಕಲೀಬೇಕು."

"ಅವನು ವಿಹಾರದಲ್ಲಿ ಹಿರಿಯ ಭಿಕ್ಷುಗಳ ಮುಂದೆ ಕೈಮುಗಿದು ಕುಡಿಯಲ್ಲ ಅಂತ ವ್ರತ ಹಿಡಿದೋನು. ಮಳೆಗಾಲದ ಮೂರು ತಿಂಗಳೂ ಒಂದು ತೊಟ್ಟು ಮುಟ್ಟಿಲ್ಲ. ನಾಳೆ ವ್ರತ ಮುಗೀತು, ರೋಗನೂ ಮುಗೀತು," ಅಂದಳು ಬುವಾಲಾ.

ಚಂತಾ ತೋಳಿನ ಪಟ್ಟಿ ಬಿಚ್ಚುತ್ತಾ ತಲೆ ಅಲ್ಲಾಡಿಸಿದಳು. "ಮುಗೀತು ಅಂತೀಯಲ್ಲ, ಅದೇ ನನಗೆ ಭಯ. ವ್ರತಕ್ಕೆ ಕೊನೆ ದಿನ ಇದೆ. ಆಸೆಗಿಲ್ಲ ದೊಡ್ಡವ್ವ."

ಬುವಾಲಾ ಕೇಳಿಸಿಕೊಳ್ಳಲಿಲ್ಲ. ಅವಳಿಗಿದ್ದ ಚಿಂತೆ ಒಂದೇ. ತವೀಯ ಕುಡಿತಕ್ಕೆ ಸಾಕಾಗಿ ಮಗಳು ಪ್ರಾನಿ ಕೂಸನ್ನೂ ಕಟ್ಟಿಕೊಂಡು ಪಟ್ಟಣದ ಬಟ್ಟೆ ಕಾರ್ಖಾನೆಗೆ ಹೋಗಿದ್ದಳು. "ಅವನು ಮತ್ತೆ ಮುಟ್ಟದಿದ್ದರೆ ಚಳಿಗಾಲಕ್ಕೆ ಬರ್ತೀನಿ. ಮುಟ್ಟಿದ್ರೆ ನನ್ನ ದಾರಿ ನೋಡಬೇಡ," ಎಂದಿದ್ದಳು. ಚಳಿಗಾಲ ಹತ್ತಿರವಾಗಿತ್ತು. ವ್ರತ ಗೆದ್ದ ಅಳಿಯನನ್ನು ಊರಿನ ಮುಂದೆ ಮೆರೆಸಬೇಕೆಂದು ಮುದುಕಿಯ ಜೀವ ತುಡಿಯುತ್ತಿತ್ತು.

ಮರುದಿನ ಮಳೆಗಾಲದ ವ್ರತ ಮುಗಿಯುವ ಹಬ್ಬ. ಮಧ್ಯಾಹ್ನ ವಿಹಾರದಿಂದ ಮರಳಿದ ಊರವರನ್ನೆಲ್ಲ ಅವಳು ಊಟಕ್ಕೆ ಕರೆದಳು. ಸುಟ್ಟ ಕೋಳಿ, ಒರಳಲ್ಲಿ ಕುಟ್ಟಿದ ಹಸಿ ಪಪ್ಪಾಯಿ, ಬುಟ್ಟಿ ತುಂಬ ಅಂಟಕ್ಕಿ. ಇಷ್ಟಿದ್ದೂ ಚಾಪೆಯ ಮೇಲೆ ಏನೋ ಕಡಿಮೆ ಅನ್ನಿಸಿತು. ಹಬ್ಬದ ದಿನ ಸಾರಾಯಿ ಇಲ್ಲದ ಮನೆಯನ್ನು ಜನ ಜುಗ್ಗರ ಮನೆ ಅನ್ನುತ್ತಾರೆ. ಅವಳೇ ಅಂಗಡಿಗೆ ಹೋಗಿ ಬಿಳಿ ಸಾರಾಯಿಯ ಬಾಟಲಿ ತಂದಿಟ್ಟಳು. ಹೌದು, ಅವಳೇ.

ತವೀಯ ಹಳೆಯ ಗೆಳೆಯ ದೇತ್ ಬಾಟಲಿಯ ಮುಂದೆ ಕೂತ. ಆ ಊರಿನ ಪದ್ಧತಿಯಲ್ಲಿ ಲೋಟ ಒಂದೇ. ಒಬ್ಬ ಸುರಿದುಕೊಡುತ್ತಾನೆ, ಅದು ಸುತ್ತು ಬರುತ್ತದೆ. ಬಂದದ್ದನ್ನು ಬೇಡವೆಂದರೆ ಕೊಟ್ಟವನಿಗೆ ಅವಮಾನ. ಲೋಟ ತವೀಯ ಮುಂದೆ ಬಂತು.

"ಹಿಡಿಯೋ! ಇವತ್ತು ನಿನ್ನ ಬಿಡುಗಡೆ!"

"ಬೇಡ ಮಾರಾಯ."

"ವ್ರತ ಮುಗೀತಲ್ಲೋ! ಇನ್ನು ಯಾವ ಭಿಕ್ಷು ಬೈತಾರೆ ನಿನ್ನ?"

ಎಲ್ಲರೂ ನೋಡುತ್ತಿದ್ದರು. ಬುವಾಲಾಗೆ ಮುಜುಗರವಾಯಿತು. "ಒಂದೇ ಒಂದು ತಗೋಳಪ್ಪಾ," ಅಂದಳು, "ಮನೆ ಮರ್ಯಾದೆಗೆ."

ತವೀ ಅತ್ತೆಯ ಮುಖವನ್ನು ನೋಡಿದ. ಆಮೇಲೆ ಅಷ್ಟು ಜನರ ನಡುವೆಯೇ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿದ.

"ಓಹೋ, ಹೊಸ ಭಿಕ್ಷು ಬಂದ್ರು! ಕೈಮುಗೀರಪ್ಪಾ!" ದೇತ್ ಕೂಗಿದ. ಚಾಪೆಯೆಲ್ಲ ನಗು.

ತವೀ ಗೊಣಗಿದ್ದು ಪಕ್ಕದಲ್ಲಿದ್ದ ಬುವಾಲಾಗೆ ಮಾತ್ರ ಕೇಳಿಸಿತು. "ಆಸೆ ಬಂದಿದೆ. ಗಂಟಲಲ್ಲಿದೆ. ಬೆರಳಲ್ಲಿದೆ. ಬಂದಿದೆ, ಹೋಗುತ್ತೆ. ಉಸಿರು ಒಳಗೆ. ಉಸಿರು ಹೊರಗೆ." ಅವನ ಹಣೆಯಲ್ಲಿ ಬೆವರಿತ್ತು. ದಿನಾ ಬೆಳಿಗ್ಗೆ ಮಂಚದ ಮೇಲೆ ಅವನು ಕಲಿಯುತ್ತಿದ್ದದ್ದು ಈ ಒಂದು ಗಳಿಗೆಯನ್ನು ದಾಟುವುದನ್ನು. ಅವಳು ಸೋಮಾರಿತನ ಅಂದುಕೊಂಡದ್ದು ಇಷ್ಟು ಕಷ್ಟದ ದುಡಿಮೆ.

ದೇತ್ ಅವನ ಹೆಗಲು ಬಳಸಿ ಲೋಟವನ್ನು ತುಟಿಗೇ ಹಿಡಿದ. "ಬಾಯಿ ತೆಗಿಯೋ, ಕೂಸಿಗೆ ಕುಡಿಸ್ದ ಹಾಗೆ ಕುಡಿಸ್ತೀನಿ."

ಬುವಾಲಾ ಲೋಟ ಕಿತ್ತುಕೊಂಡಳು. ನೆಲಕ್ಕೆ ಸುರಿದಳು. ಬಾಟಲಿಯನ್ನೂ ಎತ್ತಿ ಬೋರಲು ಹಾಕಿದಳು.

"ಮೂರು ತಿಂಗಳು ಅವನ ಬೆನ್ನು ತಟ್ಟಿದ್ದು ಇದಕ್ಕೇನ್ರೋ? ಹಬ್ಬಕ್ಕೆ ಕೊಯ್ಯೋಕೆ ಕೋಳಿ ಮೇಯಿಸ್ತಾರಲ್ಲ, ಹಾಗೆ ಮೇಯಿಸಿದ್ರಾ? ಅವನು ಬಿದ್ದಾಗ ಎತ್ತೋಕೆ ಯಾವನಾದ್ರೂ ಬಂದಿದ್ನಾ? ಬೀಳ್ಸೋಕೆ ಸಾಲಾಗಿ ಕೂತಿದ್ದೀರಾ!"

"ಬಾಟಲಿ ತಂದೋಳು ನೀನೇ ಅಲ್ವಾ ದೊಡ್ಡವ್ವ?" ದೇತ್ ಕೊಂಕು ನುಡಿದ.

"ಹೌದು, ನಾನೇ ತಂದೆ! ನನ್ನ ಕೈಗೆ ಬೆಂಕಿ ಬೀಳ! ಊಟ ಮಾಡೋರು ಮಾಡಿ. ಕುಡಿಸೋರು ಏಳಿ."

ದೇತ್ ಎದ್ದು ಹೋದ. ಇನ್ನೂ ಕೆಲವರು ಹೋದರು. ಆ ಮುದುಕಿಗೆ ಅತಿಥಿಗಳನ್ನು ನಡೆಸಿಕೊಳ್ಳಲು ಬರುವುದಿಲ್ಲ ಎಂದು ಊರಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಸಂಜೆ ಬುವಾಲಾ ಮಗಳಿಗೆ ಫೋನ್ ಮಾಡಿದಳು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. "ಬಾಟಲಿ ತಂದೋಳು ನಾನು ಕಣೇ. ಬೇಡ ಅಂದೋನು ಅವನು. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಕಲಿತಿದ್ದು ಅದನ್ನೇ."

ಆ ಕಡೆಯಿಂದ ಪ್ರಾನಿ ಅಂದಳು: "ನಾಳೆ ಬೆಳಿಗ್ಗೆ ಅವರು ಕೂತಾಗ ಫೋನ್ ಹಚ್ಚಿ ಪಕ್ಕದಲ್ಲಿಡವ್ವಾ. ಇಲ್ಲಿ ನಾನೂ ಮಗೂನೂ ಕೂರ್ತೀವಿ."

ಮರುದಿನ ಬೆಳಿಗ್ಗೆ ನೀರು ತಾನೇ ತಂದು, ಮಗ್ಗ ಮುಟ್ಟದೆ, ಬುವಾಲಾ ಬಂದು, ಮಗಳಿಗೆ ಫೋನ್ ಹಚ್ಚಿ ತವೀಯ ಪಕ್ಕದಲ್ಲಿಟ್ಟು, ಮಂಚದ ಇನ್ನೊಂದು ತುದಿಯಲ್ಲಿ ಕೂತಳು.

"ಆ ದೇತ್‌ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ ತವೀ. ಇದು ಸಿಟ್ಟಿಗೂ ಆಗುತ್ತಾ?"

"ಎಲ್ಲಿದೆ ಸಿಟ್ಟು, ನೋಡ್ಕೋ ಅವ್ವಾ."

"ಇಲ್ಲಿ, ಎದೇಲಿ. ಬೆಂಕಿ ಹಾಗೆ."

"ಸುಮ್ನೆ ನೋಡ್ತಿರು. ಉಸಿರು ಒಳಗೆ. ಉಸಿರು ಹೊರಗೆ."

ಇಷ್ಟರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಆಸೆ ನಾಳೆಯೂ ಬರುತ್ತದೆ. ತವೀ ನಾಳೆಯೂ ಕೂರಬೇಕು. ಸುಮ್ಮನೆ ಕೂರುವುದೊಂದೇ ಔಷಧಿಯೂ ಅಲ್ಲ. ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಅವನಿಗೆ ಮೈನಡುಕ ಬಂದಾಗ ಚಂತಾ ಆಸ್ಪತ್ರೆಗೆ ಕರೆದೊಯ್ದಿದ್ದಳು. ಬಹಳ ಕುಡಿಯುವವರು ಒಮ್ಮೆಲೇ ಬಿಡುವ ಮೊದಲು ವೈದ್ಯರನ್ನು ಕಾಣಲೇಬೇಕು. ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಕುಡಿತ ಬಿಟ್ಟಿರುವ ಅಣ್ಣ, ಅಕ್ಕ, ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ಕೂತುಕೊಳ್ಳಿ. ಇವತ್ತು ಮನಸ್ಸಿನಲ್ಲಿ ಏನಿದೆ ಎಂದು ಕೇಳಿಕೊಳ್ಳಿ. ಆಸೆ ಇದ್ದರೆ ಇದೆ ಅನ್ನಿ, ನಾಚಬೇಡಿ. ಸಂಜೆ ನಂಬಿಕೆಯ ಒಬ್ಬರ ಹತ್ತಿರ ಅದನ್ನು ಹೇಳಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕೂತುಕೊಳ್ಳಿ.

ನಾವು ಉಳಿದವರು? ಹಬ್ಬ, ಮದುವೆ, ಮರ್ಯಾದೆ ಎಂದು ಲೋಟ ನೀಡುವವರು, "ಒಂದೇ ಒಂದು" ಅನ್ನುವವರು, ಕಣ್ಣು ಮುಚ್ಚಿ ಕೂತವರನ್ನು ನೋಡಿ ನಗುವವರು? ಒಬ್ಬ ಮನುಷ್ಯ ಪ್ರಾಣ ಹಿಡಿದು ದಡಕ್ಕೆ ಈಜುತ್ತಿರುವಾಗ ಅವನ ಕೈಗೆ ಕಲ್ಲು ಕೊಡುವುದು ಯಾವ ಊರಿನ ಮರ್ಯಾದೆ? ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವರ ಪಕ್ಕದಲ್ಲಿ ಜಾಗವಿದ್ದರೆ ಹೋಗಿ ಕೂತುಕೊಳ್ಳಿ.