ವರದಿಯ ಬಗ್ಗೆ ಆರ್ವಿಲ್ ಹೇಳಿದ್ದು

ಗವರ್ನರ್ ಮೇಲಿನ ತನಿಖೆಯ ವರದಿ ಹೊರಬಿದ್ದ ದಿನ ಆರ್ವಿಲ್ ಸ್ಟೆನ್‌ಸ್ರುಡ್‌ಗೆ ತನ್ನ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ. ಮಾರ್ಲಿಸ್‌ಳ ಹೋಟೆಲಿನ ಮುಂದೆ ಟೀವಿಯವರ ವ್ಯಾನುಗಳು ಸಾಲುಗಟ್ಟಿದ್ದವು. ಒಂದರ ತಲೆಯ ಮೇಲೆ ದೊಡ್ಡ ಬಾಣಲೆಯಂಥ ಆಂಟೆನಾ ಆಕಾಶ ನೋಡುತ್ತಿತ್ತು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಆರ್ವಿಲ್ ಒಂದು ಬೆಳಗ್ಗೆಯೂ ಆ ಹೋಟೆಲು ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಅವನ ಅಡುಗೆಮನೆಯಲ್ಲಿ ಕಾಫಿಯ ಹೊರತು ಏನೂ ಕುದಿಯುತ್ತಿರಲಿಲ್ಲ. ಗಾಡಿಯನ್ನು ಚರ್ಚಿನ ಹಿಂದೆ ಬಿಟ್ಟು, ಗೊಣಗಿಕೊಂಡೇ ನಡೆದು ಬಂದ.

ಆಪಾದನೆ ಇಷ್ಟು: ಆ ಚಳಿಗಾಲ ಊರೂರು ಹಿಮದಲ್ಲಿ ಹೂತು ಕೂತಿದ್ದಾಗ ಗವರ್ನರ್ ಹಾಲ್ವರ್ಸನ್ ಸರ್ಕಾರದ ಹಿಮ ತಳ್ಳುವ ಲಾರಿಗಳನ್ನು ಸರೋವರದ ದಂಡೆಯಲ್ಲಿದ್ದ ತನ್ನ ಮೀನು ಹಿಡಿಯುವ ಮನೆಯ ದಾರಿ ತೆರವು ಮಾಡಲು ಕಳಿಸಿದ್ದ. ತನಿಖಾ ಸಮಿತಿ ಇಟ್ಟಿಗೆಯಷ್ಟು ದಪ್ಪದ ವರದಿ ಬರೆದು, ಗವರ್ನರ್ ಹಾಗೆ ಮಾಡಿದರು ಎಂದು ಹೇಳಲಾಗದು, ಮಾಡಲಿಲ್ಲ ಎಂದೂ ಹೇಳಲಾಗದು ಎಂದು ಮುಗಿಸಿತ್ತು. ಅದನ್ನು ಯಾರೂ ಓದಿರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಬೇಕಿತ್ತು. ಹಿಂದಿನ ಚುನಾವಣೆಯಲ್ಲಿ ಈ ಊರು ಎರಡು ಪಕ್ಷಗಳಿಗೂ ಸರಿಸಮ ಮತ ಹಾಕಿತ್ತಂತೆ. ಆದ್ದರಿಂದ ಸಾಮಾನ್ಯ ಮನುಷ್ಯ ಎಂಬವನು ಇಲ್ಲೇ ಎಲ್ಲೋ ವಾಸವಾಗಿದ್ದಾನೆ ಎಂದು ರಾಜಧಾನಿಯಲ್ಲಿ ಯಾರೋ ಲೆಕ್ಕ ಹಾಕಿ ಇವರನ್ನೆಲ್ಲ ಅಟ್ಟಿದ್ದರು.

ಒಳಗೆ ಊರವರಿಗಿಂತ ಟೀವಿಯವರೇ ಹೆಚ್ಚಿದ್ದರು. ಸಾಮಾನ್ಯ ಮನುಷ್ಯರೆಲ್ಲ ಬೆಳ್ಳಂಬೆಳಗ್ಗೆಯೇ ಖರ್ಚಾಗಿಹೋಗಿದ್ದರು. ಒಂದು ಚಾನೆಲ್ಲಿನವಳು ಕೆಸರು ಬೂಟು ಹಾಕಿದ್ದ ಒಬ್ಬನನ್ನು ರೈತನೆಂದು ತಿಳಿದು ಬಹಳ ಹೊತ್ತು ಸಂದರ್ಶನ ಮಾಡಿದ್ದಳು. ಅವನು ಇನ್ನೊಂದು ಚಾನೆಲ್ಲಿನ ಕ್ಯಾಮೆರಾದವನು. ಬೆಳೆಯ ಬಗ್ಗೆ ಕೇಳಿದ್ದಕ್ಕೆ ಪಾಪ, ಮರ್ಯಾದೆಗೆ ಪರವಾಗಿಲ್ಲ ಎಂದಿದ್ದ.

ಆರ್ವಿಲ್ ಕಿಟಕಿ ಪಕ್ಕದ ತನ್ನ ಜಾಗದಲ್ಲಿ ಕೂತ. ಮಾರ್ಲಿಸ್ ಹೌಗೆನ್ ಓಡಾಟದ ನಡುವೆಯೇ ಅವನ ಮುಂದೆ ಕಾಫಿಯನ್ನೂ ಒಂದು ತುಂಡು ಸೇಬಿನ ಪೈಯನ್ನೂ ಇಟ್ಟು ಹೋದಳು. ಹಿಟ್ಟಿನ ಹೊದಿಕೆಯೊಳಗೆ ಸೇಬು ತುಂಬಿ ಬೇಯಿಸಿದ ಆ ಪೈ ಜಿಲ್ಲೆಗೇ ಹೆಸರಾಗಿತ್ತು. ಆದರೆ ಕೆಲವು ತಿಂಗಳಿಂದ ಏನೋ ಆಗಿತ್ತು. ಹೊಂಬಣ್ಣದ ಮೇಲ್ಹೊದಿಕೆ ಉಬ್ಬಿ ರಾಜಗಾಂಭೀರ್ಯದಿಂದ ಕೂತಿರುತ್ತಿತ್ತು. ಮುಳ್ಳುಚಮಚ ಚುಚ್ಚಿದರೆ ಒಳಗೆ ಗಾಳಿ, ತಳದಲ್ಲಿ ನಾಲ್ಕು ಸೇಬಿನ ಚೂರು. ಆರ್ವಿಲ್ ಇದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅಂದೂ ಚುಚ್ಚಿದ, ಹೊದಿಕೆ ಪುಸ್ಸೆಂದು ಕುಸಿಯಿತು. ಒಂದು ಚೂರು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಟೆಸ್ಸಾ ಕ್ವಿಲೆನ್ ಎಂಬ ವರದಿಗಾರ್ತಿ ಪಕ್ಕಕ್ಕೆ ಬಂದು ಅವನ ಬಾಯಿಯ ಹತ್ತಿರ ಮೈಕು ಹಿಡಿದಳು.

“ಹೇಗನ್ನಿಸ್ತು ಸರ್?”

ಆರ್ವಿಲ್ ಮಾರ್ಲಿಸ್ ಎಲ್ಲಿದ್ದಾಳೆಂದು ನೋಡಿಕೊಂಡ. ಅವಳು ದೂರದಲ್ಲಿದ್ದಳು. ದನಿ ತಗ್ಗಿಸಿ, ಬಹಳ ಬೇಸರದಿಂದ ಹೇಳಿದ: “ಮೇಲೆ ನೋಡೋಕೆ ಭರ್ಜರಿಯಾಗಿದೆ. ಒಳಗೆ ಏನೂ ಇಲ್ಲ.”

ಕ್ಯಾಮೆರಾದಲ್ಲಿ ಕಂಡದ್ದು ಅವನ ಮುಖ ಮತ್ತು ಭುಜ ಮಾತ್ರ. ತಟ್ಟೆ ಚೌಕಟ್ಟಿನ ಕೆಳಗಿತ್ತು.

ಸಂಜೆಯ ಹೊತ್ತಿಗೆ ಆ ಮಾತು ದೇಶ ತುಂಬಿತು. ಗವರ್ನರ್ ಪರವಾದ ಚಾನೆಲ್ಲು, ದಪ್ಪ ವರದಿಯೊಳಗೆ ಹುರುಳೇ ಇಲ್ಲವೆಂದು ಸಾಮಾನ್ಯ ಮನುಷ್ಯನೇ ತೀರ್ಪು ಕೊಟ್ಟಿದ್ದಾನೆ ಎಂದಿತು. ವಿರೋಧಿ ಚಾನೆಲ್ಲು, ಹೊರಗೆ ಭರ್ಜರಿ ಒಳಗೆ ಟೊಳ್ಳು ಎಂದು ಗವರ್ನರನ ಆತ್ಮವನ್ನೇ ಮುದುಕ ಎರಡು ವಾಕ್ಯದಲ್ಲಿ ಬಿಚ್ಚಿಟ್ಟ ಎಂದಿತು. ಪರದೆಯ ಮೇಲೆ ಒಂಬತ್ತು ತಲೆಗಳು ಚೌಕಗಳೊಳಗೆ ಕೂತು ಕಿತ್ತಾಡಿದವು. ಒಬ್ಬ ಪ್ರೊಫೆಸರು ಮೊದಲನೆಯ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಆರ್ವಿಲ್ ಬಿಟ್ಟ ಮೌನವನ್ನು ಮತ್ತೆ ಮತ್ತೆ ಹಾಕಿಸಿ, ಈ ಮಣ್ಣಿನ ಜನರ ಮೂರು ತಲೆಮಾರಿನ ನೋವು ಅದರಲ್ಲಿದೆ ಎಂದ. ಅಲ್ಲಿದ್ದದ್ದು ಹಲ್ಲಿಗೆ ಸಿಕ್ಕಿದ್ದ ಹೊದಿಕೆಯ ಚೂರು.

ಗವರ್ನರ್ ಹಾಲ್ವರ್ಸನ್ ಸಭೆಯೊಂದರಲ್ಲಿ ‘ನನ್ನ ಗೆಳೆಯ ಆರ್ವಿಲ್ ಹೇಳುವಂತೆ’ ಎಂದು ಶುರು ಮಾಡಿದ. ವಿರೋಧ ಪಕ್ಷದ ನಾಯಕಿಯೂ ಅದೇ ದಿನ ಇನ್ನೊಂದು ಊರಿನಲ್ಲಿ ಹಾಗೆಯೇ ಶುರು ಮಾಡಿದಳು. ಒಂದು ಸಮೀಕ್ಷೆಯಲ್ಲಿ ಹೆಚ್ಚಿನ ಜನ ತಾವು ಆರ್ವಿಲ್‌ನ ಮಾತನ್ನು ಒಪ್ಪುವುದಾಗಿ ಹೇಳಿದರು. ಯಾವ ಅರ್ಥದಲ್ಲಿ ಎಂದು ಕೇಳಿದ್ದಕ್ಕೆ, ಅವನು ಹೇಳಿದ ಅರ್ಥದಲ್ಲೇ ಎಂದರು.

ಅದು ಪೈಯ ಬಗ್ಗೆ ಎಂದು ಆರ್ವಿಲ್ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ಹಬ್ಬಿದ ಮರುದಿನ ಬೆಳಗ್ಗೆ ಹೇಳಿಯೇಬಿಡೋಣವೆಂದು ಹೊರಟೂ ಇದ್ದ. ಆದರೆ ಹೋಟೆಲಿನ ಬಾಗಿಲು ದೂಡಿದರೆ ಅವನ ಜಾಗದ ಮೇಲ್ಗಡೆ ‘ಆರ್ವಿಲ್ ಮಾತಾಡಿದ್ದು ಇಲ್ಲಿ’ ಎಂದು ಹಲಗೆ ತೂಗುತ್ತಿತ್ತು. ಮಾರ್ಲಿಸ್ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಗಂಡ ಹೋದ ಮೇಲೆ ಅವಳು ಹಾಗೆ ನಗುವುದನ್ನು ಆರ್ವಿಲ್ ಕಂಡಿರಲಿಲ್ಲ.

“ಇಷ್ಟು ವರ್ಷ ನೀನು ಬಾಯಿ ಮುಚ್ಕೊಂಡು ಕೂತಿದ್ದೆ. ಬಿಚ್ಚಿದ್ದಕ್ಕೆ ನನ್ನ ಹೋಟ್ಲಲ್ಲೇ ಬಿಚ್ಚಿದೆಯಲ್ಲ” ಎಂದು ಅವನ ಬೆನ್ನು ತಟ್ಟಿ, ಇನ್ನು ಮುಂದೆ ಪೈಗೆ ದುಡ್ಡು ಕೊಡಬೇಡ ಎಂದಳು. ಮಾಮೂಲಿಗಿಂತ ದೊಡ್ಡ ತುಂಡನ್ನೇ ಇಟ್ಟಳು. ಬಾಗಿಲ ತನಕ ಸಾಲು ನಿಂತಿದ್ದ ಪರವೂರಿನ ಜನ ಅವನು ತಿನ್ನುವುದನ್ನೇ ನೋಡುತ್ತಿದ್ದರು. ಆರ್ವಿಲ್ ಗಾಳಿಯನ್ನೆಲ್ಲ ತಿಂದು ತಟ್ಟೆ ಖಾಲಿ ಮಾಡಿದ. ಒಬ್ಬಾಕೆಗೆ ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನವೂ ಅದೇ. ಆಮೇಲೂ ಅದೇ. ಚರ್ಚಿನಲ್ಲಿ ಅವನ ಬಲಕ್ಕೆ ಗವರ್ನರ್ ಪರದವರು, ಎಡಕ್ಕೆ ವಿರೋಧದವರು ಒತ್ತರಿಸಿ ಕೂತು, ಪ್ರಾರ್ಥನೆಯ ನಡುವೆ ಮೊಣಕೈಯಲ್ಲಿ ತಿವಿದು ಮೆಚ್ಚುಗೆ ತೋರಿಸುತ್ತಿದ್ದರು. ಎಳವೆಯ ಗೆಳೆಯ ಡುವೇನ್ ಮಾತ್ರ ನೇರವಾಗಿ ಕೇಳಿದ: “ನಿಜ ಹೇಳೋ ಮಾರಾಯ, ನೀನು ಯಾರ ಕಡೆ?” ಆರ್ವಿಲ್ ಯಾರ ಕಡೆಯೂ ಅಲ್ಲವೆಂದ. ಹಾಗಾದರೆ ನನ್ನ ಕಡೆ ಅಲ್ಲ ಎಂದಾಯಿತಲ್ಲ ಎಂದು ಡುವೇನ್ ಮಾತು ಬಿಟ್ಟ.

ಕೊನೆಗೆ ಎರಡೂ ಪಕ್ಷದವರು ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬಂದರು: ಆರ್ವಿಲ್ ಸ್ಪಷ್ಟೀಕರಣ ಕೊಡಬೇಕು. ಟೆಸ್ಸಾ ಕ್ವಿಲೆನ್ ಮತ್ತೆ ಬಂದಳು. ಈ ಸಲ ನೇರ ಪ್ರಸಾರ. ದೀಪಗಳ ಬಿಸಿಗೆ ಹೋಟೆಲಿನೊಳಗಿನ ಬೆಣ್ಣೆ ಕರಗುತ್ತಿತ್ತು. ಮಾರ್ಲಿಸ್ ಹೊಸ ಏಪ್ರನ್ ಕಟ್ಟಿ ಗಲ್ಲಾದ ಹಿಂದೆ ನಿಂತಿದ್ದಳು.

“ದೇಶ ಕಾಯ್ತಾ ಇದೆ ಸರ್,” ಎಂದಳು ಟೆಸ್ಸಾ. “ಒಳಗೆ ಏನೂ ಇಲ್ಲ ಅಂದ್ರಿ. ಯಾವುದರ ಒಳಗೆ?”

ಆರ್ವಿಲ್ ಏನೇನೋ ಯೋಚಿಸಿಕೊಂಡು ಬಂದಿದ್ದ. ವರದಿಯೊಳಗೆ ಎನ್ನಬಹುದು, ಗವರ್ನರನೊಳಗೆ ಎನ್ನಬಹುದು, ಯಾವುದೆಂದರೂ ಅರ್ಧ ದೇಶ ಅವನನ್ನು ಹೆಗಲ ಮೇಲೆ ಹೊರುತ್ತಿತ್ತು. ಆದರೆ ಅವನು ವರದಿ ಓದಿರಲಿಲ್ಲ, ಗವರ್ನರನನ್ನು ಕಂಡಿರಲಿಲ್ಲ. ತಿಳಿಯದ ವಿಷಯ ಹೇಳಲು ನಾಲಿಗೆ ಏಳಲಿಲ್ಲ.

“ಪೈ ಒಳಗೆ,” ಎಂದ. “ನಾನು ಹೇಳಿದ್ದು ಪೈ ವಿಷಯ.”

ಮಾರ್ಲಿಸ್ ಏಪ್ರನ್ ಬಿಚ್ಚಿ, ಮಡಚಿ, ಗಲ್ಲಾದ ಮೇಲಿಟ್ಟು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಟೀವಿಯವರನ್ನೂ ಗಿರಾಕಿಗಳನ್ನೂ ಒಂದೇ ಪೊರಕೆಯಲ್ಲಿ ಕಸ ಗುಡಿಸಿದ ಹಾಗೆ ಹೊರಗೆ ಹಾಕಿ ಬಾಗಿಲಿಗೆ ಚಿಲಕ ಜಡಿದಳು.

ದೇಶ ಇದನ್ನು ಹಾಗೆ ಸುಮ್ಮನೆ ಬಿಡಲಿಲ್ಲ. ಮುದುಕನಿಗೆ ಬೆದರಿಕೆ ಬಂದಿದೆ ಎಂದು ಒಂದು ಪಕ್ಷ, ಅವನನ್ನು ಕೊಂಡುಕೊಂಡಿದ್ದಾರೆ ಎಂದು ಇನ್ನೊಂದು ಪಕ್ಷ. ಪ್ರೊಫೆಸರು ಪೈ ಎನ್ನುವುದು ಪ್ರಜಾಪ್ರಭುತ್ವದ ಸಂಕೇತ ಎಂದ. ಇನ್ನೊಂದು ಚಾನೆಲ್ಲು ಹೆಸರಾಂತ ಬಾಣಸಿಗನೊಬ್ಬನನ್ನು ಕೂರಿಸಿ, ಗಾಜಿನ ಮೇಜಿನ ಮೇಲೆ ಪೈ ಕೊಯ್ದು, ಹೊದಿಕೆಗೂ ಹಣ್ಣಿಗೂ ನಡುವೆ ಅಳತೆಪಟ್ಟಿ ಇಡಿಸಿತು. ಗವರ್ನರ್ ತನ್ನ ಅಂಗಳದಲ್ಲಿ ನಿಂತು ಕ್ಯಾಮೆರಾದ ಮುಂದೆ ಒಂದು ಪೈ ತಿಂದು, ತುಂಬಿ ತುಳುಕುತ್ತಿದೆ ಎಂದು ಸಾರಿದ. ಅದು ಎಲ್ಲಿಯದೋ ಪೈ. ವಿರೋಧ ಪಕ್ಷದವರು ಶಾಸನಸಭೆಗೆ ಖಾಲಿ ಪೈಯೊಂದನ್ನು ಎತ್ತಿಕೊಂಡು ಹೋಗಿ, ಅದರ ಮುಚ್ಚಳ ತೆಗೆದು ಸಭಾಧ್ಯಕ್ಷರ ಕಡೆಗೆ ವಾಲಿಸಿ ತೋರಿಸಿದರು. ಪೈ ಪ್ರಕರಣದ ತನಿಖೆಗೆ ಸಮಿತಿಯಾಗಬೇಕೆಂದು ಒಬ್ಬ ಸದಸ್ಯ ಕೂಗಿದ. ಹಿಮ ತಳ್ಳುವ ಲಾರಿಗಳ ಹೆಸರನ್ನು ಯಾರೂ ಎತ್ತಲಿಲ್ಲ.

ಮಾರ್ಲಿಸ್ ಹೋಟೆಲು ತೆರೆಯಲೇ ಇಲ್ಲ. ಆರ್ವಿಲ್ ಮುಂದಿನ ಬಾಗಿಲು ಬಡಿದು ಬಡಿದು ಸಾಕಾಗಿ, ಒಂದು ಮಧ್ಯಾಹ್ನ ಹಿತ್ತಲ ಕಡೆಯಿಂದ ಅಡುಗೆಮನೆಯ ಬಾಗಿಲಿಗೆ ಬಂದ. ಅದು ಅರ್ಧ ತೆರೆದಿತ್ತು. ಮಾರ್ಲಿಸ್ ಸ್ಟೂಲಿನ ಮೇಲೆ ಕೂತಿದ್ದಳು. ಸದಾ ಮಣಿಕಟ್ಟಿನ ತನಕ ಇಳಿದಿರುತ್ತಿದ್ದ ಅಂಗಿಯ ತೋಳು ಮೇಲಕ್ಕೆ ಸರಿದಿತ್ತು. ಬಲಗೈ ಮಣಿಕಟ್ಟು ಊದಿಕೊಂಡು, ಮೂಳೆ ಒಂದು ಕಡೆಗೆ ಗುಬುಟಾಗಿ ಎದ್ದಿತ್ತು. ಆ ಕೈಯಲ್ಲಿ ಸೇಬು ಹಿಡಿದು ಎಡಗೈಯಲ್ಲಿ ಸಿಪ್ಪೆ ತೆಗೆಯಲು ನೋಡುತ್ತಿದ್ದಳು. ಸೇಬು ಕೈಯಿಂದ ಜಾರಿ ಉರುಳಿ ಆರ್ವಿಲ್‌ನ ಬೂಟಿನ ಹತ್ತಿರ ಬಂತು.

“ಯಾವಾಗಿನಿಂದ?” ಎಂದ ಆರ್ವಿಲ್, ಸೇಬು ಎತ್ತಿಕೊಂಡು.

“ಜನವರಿಯಿಂದ. ಕೂತ್ಕೊ, ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡಬೇಡ.”

ಬೈದು ಮುಗಿಸಿದ ಮೇಲೆ ಅವಳು ಎಲ್ಲ ಹೇಳಿದಳು. ಆ ದೊಡ್ಡ ಹಿಮದ ವಾರ ಲಾರಿಗಳು ಊರಿಗೆ ಬರಲೇ ಇಲ್ಲ. ರಸ್ತೆ ಹೆಪ್ಪುಗಟ್ಟಿ ಗಾಜಾಗಿತ್ತು. ಹೋಟೆಲಿನ ಎದುರಿಗೇ ಜಾರಿ ಬಿದ್ದಳು. ಉಳುಕಿದೆ ಅಷ್ಟೇ ಎಂದು ಎಲ್ಲರಿಗೂ ಹೇಳಿ, ಬಟ್ಟೆ ಸುತ್ತಿಕೊಂಡಳು. ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಮುರಿದಿದೆ ಎಂದು ಗೊತ್ತಾದರೆ ಮಗ ಬಂದು ಹೋಟೆಲು ಮಾರಿಸಿ ಕರಕೊಂಡು ಹೋಗುತ್ತಾನೆಂಬ ಭಯ. ಹಿಟ್ಟು ಲಟ್ಟಿಸಲು ಮೊಣಕೈ ಬಲ ಸಾಕಿತ್ತು. ಸೇಬು ಹೆರೆಯಲು ಬೆರಳಿಗೆ ಹಿಡಿತವೇ ಇಲ್ಲ. ಆದದ್ದಷ್ಟು ಸೇಬು ಹಾಕಿ, ಹೊದಿಕೆಯನ್ನು ಎತ್ತರಕ್ಕೆ ಉಬ್ಬಿಸುತ್ತಿದ್ದಳು.

“ಒಳಗೆ ಏನೂ ಇಲ್ಲ ಅಂತ ನಂಗೂ ಗೊತ್ತಿತ್ತು ಆರ್ವಿಲ್. ಬೇರೆಯವರಿಗೆ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ.”

ಆರ್ವಿಲ್‌ಗೆ ಈಗ ಹೊಳೆಯಿತು. ಊರಿನ ಮೇಲೆ ಬರಬೇಕಾದ ಲಾರಿ ಸರೋವರದ ದಂಡೆಯಲ್ಲಿತ್ತು, ಅದಕ್ಕೇ ರಸ್ತೆ, ಅದಕ್ಕೇ ಮಣಿಕಟ್ಟು, ಅದಕ್ಕೇ ಪೈ. ತಾನು ಅಷ್ಟು ಜನರೆದುರು ಹೇಳಿದ್ದು ತನಗೇ ತಿಳಿಯದೆ ವರದಿಯ ವಿಷಯವೇ ಆಗಿತ್ತು.

“ಇದನ್ನ ಆ ಸಮಿತಿಯವರ ಮುಂದೆ ಯಾಕೆ ಹೇಳ್ಲಿಲ್ಲ ನೀನು?”

“ತೊಂದರೆ ಆದವರು ಬಂದು ಹೇಳಿ ಅಂತ ಫೆಬ್ರವರಿಯಲ್ಲಿ ಕರೆದಿದ್ರಲ್ಲ, ಮಗನಿಗೆ ಗೊತ್ತಾದ್ರೂ ಆಗ್ಲಿ ಅಂತ ಹೊರಟಿದ್ದೆ. ರಸ್ತೆ ಮುಚ್ಚಿತ್ತು.”

ಆರ್ವಿಲ್ ಅಲ್ಲಿಂದಲೇ ಟೆಸ್ಸಾ ಕ್ವಿಲೆನ್‌ಗೆ ಫೋನು ಮಾಡಿ, ಈಗ ನಿಜವಾದ ಸುದ್ದಿ ಇದೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದ. ಒಳ್ಳೆಯ ಹುಡುಗಿ, ಕೊನೆಯ ತನಕ ಕೇಳಿಸಿಕೊಂಡಳು. ಆದರೆ ಅವಳ ಸುತ್ತ ಬಾತುಕೋಳಿಗಳು ಅರಚುತ್ತಿದ್ದವು. ಪಕ್ಕದ ರಾಜ್ಯದ ಸೆನೆಟರ್ ಒಬ್ಬ ಉದ್ಯಾನದ ಬಾತುಗಳನ್ನು ಮನೆಗೆ ಒಯ್ದನೆಂದು ತನಿಖೆ ಶುರುವಾಗಿತ್ತು. “ಜನ ಪೈಯಿಂದ ಮುಂದೆ ಹೋಗಿಬಿಟ್ಟಿದ್ದಾರೆ ಸರ್,” ಎಂದಳು, ನಿಜಕ್ಕೂ ನೊಂದುಕೊಂಡು. “ಅದೂ ಅಲ್ದೆ, ಲಾರಿ, ರಸ್ತೆ, ಕೈ, ಸೇಬು… ತುಂಬ ಉದ್ದ ಆಗುತ್ತೆ. ನಿಮ್ಮ ಮೊದಲನೇ ಮಾತು ಎಷ್ಟು ಚೆನ್ನಾಗಿತ್ತು.” ಆಮೇಲೆ ಬಾತುಗಳ ಬಗ್ಗೆ ಅವನ ಅಭಿಪ್ರಾಯವೇನೆಂದು ಕೇಳಿದಳು. ಆರ್ವಿಲ್ ಫೋನು ಇಟ್ಟ.

ಮಾರನೆಯ ಬೆಳಗ್ಗೆಯಿಂದ ಅವನು ಹಿತ್ತಲ ಬಾಗಿಲಿಂದಲೇ ಬರತೊಡಗಿದ. ಸೇಬು ಹೆರೆದು ಅಭ್ಯಾಸವಿಲ್ಲ. ಸಿಪ್ಪೆಯ ಜೊತೆ ಅರ್ಧ ಹಣ್ಣೂ ಹೋಗುತ್ತಿತ್ತು. ಮಾರ್ಲಿಸ್ ಬಸ್ಸು ಓಡಿಸಿದ ಕೈ ಇದು ಎಂದು ಹಂಗಿಸುತ್ತಲೇ ಹೇಳಿಕೊಟ್ಟಳು. ಹೋಟೆಲು ತೆರೆಯಿತು. ಸಾಲಿನ ಜನ ಬಾತುಗಳ ಊರಿಗೆ ಹೋಗಿದ್ದರು. ಬಂದವರು ಹಳೆಯ ಗಿರಾಕಿಗಳೇ. ಡುವೇನ್ ಕೂಡ ಬಂದು, ಯಾರೊಂದಿಗೂ ಮಾತಾಡದೆ ಎರಡು ತುಂಡು ಪೈ ತಿಂದು ಹೋದ.

ಶಸ್ತ್ರಚಿಕಿತ್ಸೆಗೆ ಅವಳನ್ನು ಒಪ್ಪಿಸಲು ಬೇಸಿಗೆಯೇ ಕಳೆಯಿತು. ಮಗನಿಗೆ ಅವಳೇ ಫೋನು ಮಾಡಿದಳು; ಅವನು ಮಾರುವ ಮಾತೆತ್ತಿದ್ದಕ್ಕೆ, ಸೇಬು ಹೆರೆಯಲು ಜನ ಇದ್ದಾರೆ ಎಂದು ಬಾಯಿ ಮುಚ್ಚಿಸಿದಳು. ಆಸ್ಪತ್ರೆಗೆ ಹೊರಟ ದಿನ ಆರ್ವಿಲ್‌ನ ಗಾಡಿಯಲ್ಲಿ ಇಬ್ಬರೇ. ಜೋಳದ ಹೊಲಗಳು ಕೊಯ್ಲಾಗಿ ಬೋಳು ನಿಂತಿದ್ದವು. ಮಾರ್ಲಿಸ್ ಇದ್ದಕ್ಕಿದ್ದ ಹಾಗೆ ಕೇಳಿದಳು: “ಆ ಟೀವಿಯವರು ಬರದೇ ಇದ್ದಿದ್ರೆ, ಪೈ ಹಾಳಾಗಿದೆ ಅಂತ ನಂಗೆ ಹೇಳ್ತಿದ್ದೆಯಾ?”

ಆರ್ವಿಲ್ ಯೋಚಿಸಿದ. “ಇಲ್ಲ,” ಎಂದ. “ಸಾಯೋ ತನಕ ಹಾಗೇ ತಿಂತಿದ್ದೆ.”

“ಕಣ್ಣೆದುರಿಗೆ ಕಾಣ್ತಾ ಇದ್ರೂ?”

“ಕಾಣ್ತಾ ಇದ್ರೂ.”

“ಹಾಗಾದ್ರೆ ನಿನ್ನನ್ನೂ ಆ ಸಮಿತಿಗೆ ಸೇರಿಸಬಹುದಿತ್ತು,” ಎಂದು ಮಾರ್ಲಿಸ್ ಕಿಟಕಿಯ ಕಡೆ ತಿರುಗಿದಳು.

ಸ್ವಲ್ಪ ದೂರ ಹೋದ ಮೇಲೆ ಅವಳ ಭುಜ ಕುಲುಕುವುದು ಕಂಡು, ಅಳುತ್ತಿದ್ದಾಳೇನೋ ಎಂದು ಆರ್ವಿಲ್ ಗಾಬರಿಯಿಂದ ಗಾಡಿ ನಿಧಾನ ಮಾಡಿದ. ಅವಳು ನಗುತ್ತಿದ್ದಳು. ಹಿಂದಿನ ಲಾರಿಯವನು ಹಾರ್ನು ಬಾರಿಸಿದ. ಆಸ್ಪತ್ರೆಯ ತಿರುವು ಹೋಗಿಬಿಟ್ಟಿತು ಕಣೋ, ಮುಂದೆ ನೋಡಿ ಓಡಿಸು ಎಂದಳು ಮಾರ್ಲಿಸ್.